ಹೊತ್ತು ಮುಳುಗಿದ ಮೇಲಿನ ತುತ್ತು

ನನ್ನ ಗಂಡ ಧರಣೇಂದ್ರ ಯೆಮೆನ್ ದೇಶದಲ್ಲಿ ಎರಡೂವರೆ ವರ್ಷ ಇಂಗ್ಲಿಷ್ ಕಲಿಸಿ ೧೯೯೨ರ ಏಪ್ರಿಲ್‌ನಲ್ಲಿ ಮೊದಲ ಸಲ ಊರಿಗೆ ಬಂದರು. ಮೀರಜ್ ಸ್ಟೇಶನ್ನಿನಲ್ಲಿ ಇಳಿದವರೇ ತಮ್ಮ ಅಪ್ಪನ ಕೈ ಹಿಡಿದುಕೊಂಡು ಬಿಡಲೇ ಒಲ್ಲರು. ಕೈ ಕುಲುಕಿದರು, ಆಮೇಲೆ ಅಂಗೈಯನ್ನು ತಮ್ಮ ಎದೆಗೆ ಒತ್ತಿಕೊಂಡರು, ಆರೋಗ್ಯ ಹೇಗೆ, ಮನೆ ಹೇಗೆ, ಬೆಳೆ ಹೇಗೆ, ದನ ಹೇಗೆ ಎಂದು ಪ್ಲಾಟ್‌ಫಾರ್ಮಿನ ಮೇಲೆಯೇ ಸರದಿ ಹಚ್ಚಿದರು. ಮಗ ಕಾಲಿಗೆ ಬೀಳುತ್ತಾನೆಂದು ಕಾದು ನಿಂತಿದ್ದ ಮಾವ ತಾತ್ಯಾಸಾಹೇಬರು "ಬಿಡಲೇ, ಮಂದಿ ನೋಡಾಕತ್ತಾರ" ಎಂದು ಕೈ ಕಿತ್ತುಕೊಂಡರು. ನಮ್ಮ ಮೂರು ವರ್ಷದ ಶೇವಂತಾ ನನ್ನ ಸೆರಗಿನ ಹಿಂದೆ ಅಡಗಿ "ಅವ್ವಾ, ಈ ಪಾವಣ್ಯಾ ಯಾರ?" ಎಂದಳು. ಮನೆಗೆ ಬರುವ ನೆಂಟರನ್ನೆಲ್ಲ ಪಾವಣ್ಯಾ ಎಂದು ಕರೆಯುವುದನ್ನು ಅವಳು ಆಗಷ್ಟೇ ಕಲಿತಿದ್ದಳು. ತಪ್ಪೇನೂ ಹೇಳಲಿಲ್ಲ ಬಿಡಿ.

ಅಥಣಿ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಇವರು ಆಡಿದ ಮಾತು ಕೇಳಿ ಮೊದಲು ನಗು ಬಂತು. ಒಂದೊಂದೇ ಶಬ್ದ ಬಿಡಿಸಿ, ಕೈ ತಿರುವಿ, ಮುಂದಿನ ಬೆಂಚಿನ ದಡ್ಡ ಹುಡುಗನಿಗೆ ಹೇಳುವ ಹಾಗೆ ಹೇಳುತ್ತಿದ್ದರು. "ಇದು... ಕಾಗವಾಡ. ಇಲ್ಲಿ... ಚಹಾ... ಕುಡಿಯೋಣು?" ನಾನು "ಯಾಕ್ರೀ, ನನಗೂ ಇಂಗ್ಲಿಷ್ ಕಲಸಾಕತ್ತೀರೇನು?" ಎಂದು ಚೇಷ್ಟೆ ಮಾಡಿದೆ. ಇವರು ನಗಲಿಲ್ಲ. ಎರಡೂವರೆ ವರ್ಷ ಕನ್ನಡದಲ್ಲಿ ಮಾತಾಡಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ಮರೆತೀತೆಂದು ಹೆದರಿ ಸಂಜೆ ಕೋಣೆಯ ಗೋಡೆಗೆ ಮುಖ ಮಾಡಿ ಮಾತಾಡುತ್ತಿದ್ದರಂತೆ. ಅಲ್ಲಿಗೆ ನನ್ನ ಚೇಷ್ಟೆ ಮುಗಿಯಿತು.

ಇವರು ಹೋದದ್ದು ಹೇಗೆಂದು ಹೇಳಬೇಕು. ಅಥಣಿಯ ಒಂದು ಹೈಸ್ಕೂಲಿನಲ್ಲಿ ಇವರದು ವರ್ಷ ವರ್ಷ ಹೊಸದಾಗಿ ಕೈ ಮುಗಿಯಬೇಕಾದ ಮಾಸ್ತರಿಕೆ. ಯಾರೋ ಹೇಳಿದರೆಂದು ಮುಂಬಯಿಗೆ ಹೋಗಿ ಸಂದರ್ಶನ ಕೊಟ್ಟರು, ಆಯ್ಕೆಯಾದರು. ಮಾವನವರಿಗೆ ನಮ್ಮೂರು ಸತ್ತಿಯ ತುಂಬ ಹೇಳಿಕೊಂಡು ತಿರುಗುವುದೇ ಒಂದು ಉದ್ಯೋಗವಾಯಿತು. ಒಪ್ಪದವರು ಅತ್ತೆ ಸೋನಾಬಾಯಿ ಒಬ್ಬರೇ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಉಂಡು ಕೈ ತೊಳೆಯುವವರು. ಮಾಂಸದ ಮಾತಿರಲಿ, ಜೇನುತುಪ್ಪವನ್ನೂ ಮುಟ್ಟುವುದಿಲ್ಲ. ಆ ದೇಶದಲ್ಲಿ ಇದೆಲ್ಲ ಹೇಗೆ ನಡೆದೀತು ಎಂದು ಅತ್ತೆಯ ಚಿಂತೆ. ಕೊನೆಗೆ ಚಾತುರ್ಮಾಸಕ್ಕೆ ಬಂದಿದ್ದ ಮುನಿ ಮಹಾರಾಜರ ಮುಂದೆ ಮಗನನ್ನು ಕೂಡಿಸಿ ನೇಮ ಕೊಡಿಸಿದರು: ಹೊತ್ತು ಮುಳುಗಿದ ಮೇಲೆ ಅನ್ನ ನೀರು ಮುಟ್ಟುವುದಿಲ್ಲ. ಅಷ್ಟಕ್ಕೆ ಸುಮ್ಮನಾಗಲಿಲ್ಲ. ಅದೇ ಜಾಗದಲ್ಲಿ ತಾವೂ ಕೈ ಮುಗಿದು, "ನನ್ನ ಮಗಾ ಪರದೇಶದಿಂದ ನೇಮ ಕೆಡದಂಗ ತಿರುಗಿ ಬರೂತನಕ ನಾನು ಕಬ್ಬು, ಬೆಲ್ಲ ಬಾಯಾಗ ಇಡೂದಿಲ್ಲ" ಎಂದು ಬಿಟ್ಟರು. ನಮ್ಮದು ಕಬ್ಬು ಬೆಳೆಯುವ, ಬೆಲ್ಲ ಮಾಡುವ ಮನೆ. ಅಟ್ಟದ ಮೇಲೆ ಬೆಲ್ಲದ ಪೆಂಟೆ, ಕೆಳಗೆ ಸಪ್ಪೆ ಬಾಯಿಯ ಅತ್ತೆ.

ಅವರು ಬಾಯಿಗೆ ಇಷ್ಟವಾದದ್ದನ್ನೇ ಬಿಟ್ಟಿದ್ದರು. ಊಟದ ಕೊನೆಗೆ ಒಂದು ತುಣುಕು ಬೆಲ್ಲ ಇಲ್ಲದೆ ಏಳದಿದ್ದ ಹೆಂಗಸು. ಗಾಣದ ಮನೆಯಿಂದ ಕೊಪ್ಪರಿಗೆಯ ವಾಸನೆ ಬಂದ ದಿನ ಕಿಟಕಿ ಮುಚ್ಚಿ ಮಲಗುತ್ತಿದ್ದರು. ಒಂದು ಸಲವೂ ಗೊಣಗಲಿಲ್ಲ. ಗೊಣಗಿದ್ದರೆ ನನಗೂ ಒಂದು ಮಾತಾಡಲು ಬರುತ್ತಿತ್ತು.

ಬಂದ ದಿನದ ಸಂಜೆ ಅತ್ತೆ ಲಗುಬಗೆಯಿಂದ ತಾಟು ಹಾಕಿದರು. ಬಿಸಿ ರೊಟ್ಟಿ, ಬದನೆಕಾಯಿ, ಮೊಸರು. "ಹೊತ್ತ ಮುಳಗಾಕ ಬಂತು, ಉಣ್ಣೋ." ಮಾವನವರ ತಾಟು ಅರ್ಧ ಖಾಲಿಯಾಯಿತು. ಇವರು ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಕೂತೇ ಇದ್ದರು, ಕಿಟಕಿಯ ಆಚೆ ನೋಡುತ್ತ, ಕಿವಿಗೊಟ್ಟು. ಹೊಳೆಯ ಆಚೆ ಬಿಸಿಲು ಕೆಂಪಾಗಿ ಇಳಿಯುತ್ತಿತ್ತು. ಮಗ ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಾನೆಂದು ಅತ್ತೆ ತಿಳಿದು ಖುಷಿಪಟ್ಟರು. ನನಗೆ ಹಾಗೆ ಕಾಣಲಿಲ್ಲ. ಏನೋ ಸದ್ದಿಗಾಗಿ ಕಾಯುವವರ ಮುಖ ಅದು. ಸೂರ್ಯ ಮುಳುಗುವ ಹೊತ್ತಿಗೆ ಇವರು ಬೆಚ್ಚಿಬಿದ್ದು, ತುತ್ತು ತಾಟಿನಲ್ಲೇ ಬಿಟ್ಟು ಎದ್ದರು. "ಹಸಿವಿಲ್ಲ" ಎಂದರು.

ಮರುದಿನ ಮಾವನವರು ಎರಡು ಸುದ್ದಿ ಹೇಳಿದರು. ಮುಂದಿನ ವಾರ ಅಕ್ಷಯ ತದಿಗೆ. ಆದಿನಾಥ ತೀರ್ಥಂಕರರು ವರ್ಷದ ಉಪವಾಸವನ್ನು ಕಬ್ಬಿನಹಾಲಿನಿಂದ ಮುರಿದ ದಿನ. ಅವತ್ತೇ ಬಸದಿಯಲ್ಲಿ, ನಾಲ್ಕು ಮಂದಿಯ ಎದುರು, ಅತ್ತೆಯೂ ಕಬ್ಬಿನಹಾಲು ಕುಡಿದು ನೇಮ ಮುಗಿಸಬೇಕು. ಇದು ಒಂದನೆಯ ಸುದ್ದಿ. ಎರಡನೆಯದು, ಇವರು ಸೆಪ್ಟೆಂಬರಿನಲ್ಲಿ ಮತ್ತೆ ಎರಡು ವರ್ಷಕ್ಕೆ ಹೋಗುತ್ತಾರೆ ಎಂಬುದು. "ಒಮ್ಮೆ ಹೋಗಿ ಎಲ್ಲಾ ಸುದ್ದ ಇಟಗೊಂಡ್ ಬಂದಾನ, ಇನ್ನ ಹೆದರೂದ ಏನೈತಿ?" ಎಂದು ಮೀಸೆ ತಿರುವಿದರು. ಇವರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು.

ಮಧ್ಯಾಹ್ನ ಬುತ್ತಿ ಒಯ್ಯುವ ನೆವ ಮಾಡಿ ಹೊಲಕ್ಕೆ ಹೋದೆ. ಇವರು ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. "ನಿನ್ನಿ ಸಂಜೀಕ ಏನ ಕೇಳಾಕತ್ತಿದ್ರಿ?" ಎಂದೆ. ಬುತ್ತಿಯ ಗಂಟು ಬಿಚ್ಚುತ್ತ, "ತೋಪಿನ ಸಪ್ಪಳ" ಎಂದರು. ಆಮೇಲೆ ಎಲ್ಲ ಹೊರಬಂತು.

ಇವರ ಶಾಲೆ ಇದ್ದದ್ದು ಒಂದು ಬೋಳು ಗುಡ್ಡದ ನೆತ್ತಿಯ ಮೇಲಿನ ಊರಿನಲ್ಲಂತೆ. ಸುತ್ತ ಕಲ್ಲಿನ ಗೋಡೆ, ಎತ್ತರೆತ್ತರದ ಕಲ್ಲಿನ ಮನೆಗಳು, ಊರಿಗೆ ಒಂದೇ ಬಾಗಿಲು. ಹುಡುಗರು ಸೊಂಟಕ್ಕೆ ಡೊಂಕು ಬಾಕು ಸಿಗಿಸಿಕೊಂಡು ತರಗತಿಗೆ ಬರುತ್ತಿದ್ದರು. ಮೊದಲ ದಿನ ಇವರ ಜೀವ ಬಾಯಿಗೆ ಬಂದಿತ್ತು. ಅದು ಅಲ್ಲಿಯ ಗಂಡಸರ ಉಡುಪೇ ಎಂದು ಆಮೇಲೆ ತಿಳಿಯಿತು. "ಇದು ಪೆನ್ನು, ಅದು ಬಾಗಿಲು" ಎಂದು ಇವರು ಇಂಗ್ಲಿಷಿನಲ್ಲಿ ಅಂದರೆ ಅರವತ್ತು ಗಂಟಲು ತಿರುಗಿ ಅನ್ನುತ್ತಿದ್ದವು. ಇವರು ಕೆಮ್ಮಿದರೆ ಅದನ್ನೂ ಅನ್ನುತ್ತಿದ್ದವು. ಒಳ್ಳೆಯ ಹುಡುಗರೇ. ಮಧ್ಯಾಹ್ನವಾಯಿತೆಂದರೆ ಊರಿಗೆ ಊರೇ ಯಾವುದೋ ಎಲೆ ಜಗಿಯುತ್ತ ಕೂರುತ್ತಿತ್ತು. ಎಲೆ ಒಲ್ಲೆ ಎಂದ ಇವರು ಒಬ್ಬರೇ ಕೋಣೆಯಲ್ಲಿ.

ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ನೋಡಿ ಅಲ್ಲಿಯ ಮಾಸ್ತರರಿಗೆಲ್ಲ ಅಚ್ಚರಿ. ಏನೋ ಹೊಸ ವೈದ್ಯವೆಂದು ತಾವೂ ಸೋಸತೊಡಗಿದರು. ಅದು ಸುಲಭದ್ದಾಯಿತು. ಕಷ್ಟವಾದದ್ದು ಜೇನುತುಪ್ಪ. ಆ ಸೀಮೆಯಲ್ಲಿ ದೊಡ್ಡ ಅತಿಥಿಗೆ ಜೇನು ಬಡಿಸುತ್ತಾರೆ. ಹೆಡ್‌ಮಾಸ್ತರು ತನ್ನ ಮನೆಗೆ ಕರೆದು, ರೊಟ್ಟಿಯ ಮೇಲೆ ಕೈಯಾರೆ ಜೇನು ಸುರಿದು ಮುಂದಿಟ್ಟ. ಇವರು ಮುಟ್ಟಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಇವರ ಪಾಸ್‌ಪೋರ್ಟು ಮೊದಲ ದಿನದಿಂದಲೂ ಅವನ ಕಬ್ಬಿಣದ ಪೆಟ್ಟಿಗೆಯಲ್ಲೇ ಇತ್ತು. ರಜೆಗೆ ಊರಿಗೆ ಹೋಗುತ್ತೇನೆ, ಅದನ್ನು ಕೊಡಿ ಎಂದು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಬುಕ್ರಾ." ಅಂದರೆ ನಾಳೆ. ನಡುವೆ ಕೊಲ್ಲಿ ಯುದ್ಧವೂ ಬಂತು, ಅದೊಂದು ನೆವವಾಯಿತು. ಹೀಗೆ ಒಂದು ನಾಳೆಗೆ ಎರಡೂವರೆ ವರ್ಷ.

"ನಾ ಅಲ್ಲಿ ಕಳ್ಳ ಅಲ್ಲ, ಕೈದಿ ಅಲ್ಲ, ಎಲ್ಲಾರೂ ಸಲಾಮ್ ಹೊಡೀತಾರ" ಎಂದರು ಇವರು. "ಆದ್ರ ಸಂಜೀಕ ಊರ ಬಾಗಲಾ ಮುಚ್ಚೂ ಸಪ್ಪಳ ಕೇಳಿದ್ರ ಎದೀ ಧಸಕ್ ಅಂತಿತ್ತು ಜಿನಮತಿ."

ರಂಜಾನ್ ತಿಂಗಳು ಬಂದಾಗ ಊರು ಮಗ್ಗುಲು ಬದಲಿಸಿತು. ಹಗಲು ನಿದ್ದೆ, ರಾತ್ರಿ ಊಟ. ಸೂರ್ಯ ಮುಳುಗಿದ ಕೂಡಲೇ ಕೋಟೆಯ ಮೇಲಿನಿಂದ ತೋಪು ಹಾರುತ್ತದೆ. ಅಲ್ಲಿಯ ತನಕ ಒಂದು ಗುಟುಕು ನೀರಿಲ್ಲ. ಅವರಿಗೆ ಹಗಲು ಉಣ್ಣುವಂತಿಲ್ಲ, ಇವರಿಗೆ ರಾತ್ರಿ ಉಣ್ಣುವಂತಿಲ್ಲ. ಬೀದಿಯಲ್ಲಿ ಕಂಡೀತೆಂದು ಇವರು ಬಾಗಿಲು ಹಾಕಿ, ಹೊಗೆಯ ವಾಸನೆ ಬಾರದ ಹಾಗೆ ತಣ್ಣನೆಯ ರೊಟ್ಟಿ, ಟೊಮೆಟೊ ತಿನ್ನುತ್ತಿದ್ದರು. ಹಗಲು ಉಂಡದ್ದು ಯಾರಿಗೂ ಕಾಣಲಿಲ್ಲ. ರಾತ್ರಿ ಕರೆದವರ ಮನೆಯಲ್ಲಿ ಎದೆ ಮುಟ್ಟಿಕೊಂಡು ಒಲ್ಲೆ ಎಂದದ್ದು ಎಲ್ಲರಿಗೂ ಕಂಡಿತು. ಹಿಂದೂಸ್ತಾನದ ಮಾಸ್ತರು ಹಗಲೂ ಉಣ್ಣುವುದಿಲ್ಲ, ರಾತ್ರಿಯೂ ಉಣ್ಣುವುದಿಲ್ಲ ಎಂದು ಸುದ್ದಿ ಹಬ್ಬಿತು. ಯಾರೋ ಒಬ್ಬಾಕೆ ಚಂಡಿ ಹಿಡಿದ ಕೂಸನ್ನು ತಂದು ಇವರ ಮುಂದೆ ಹಿಡಿದು, ಊದಿರಿ ಎಂದು ಸನ್ನೆ ಮಾಡಿದಳಂತೆ. ನಾನು ಬಾವಿಕಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕೆ. ಇವರಿಗೂ ನಗು ಬಂತು. ಊರಿಗೆ ಬಂದ ಮೇಲೆ ಅದೇ ಮೊದಲು.

ಎರಡನೆಯ ರಂಜಾನಿನಲ್ಲಿ ನಗುವಂಥದ್ದು ಏನೂ ಆಗಲಿಲ್ಲ. ಇವರ ಕೋಣೆ ಇದ್ದದ್ದು ಸಾಲೇಹ್ ಎಂಬ ಮುದುಕನ ಮನೆಯಲ್ಲಿ. ತನ್ನ ಸೂರಿನ ಕೆಳಗೆ ಪರದೇಶಿಯೊಬ್ಬ ಉಪವಾಸ ಮಲಗುತ್ತಾನೆ ಎಂಬುದು ಅವನಿಗೆ ಸಹಿಸಲಾಗದ ಅವಮಾನ. ಒಂದು ಸಂಜೆ ಖರ್ಜೂರದ ತಟ್ಟೆ, ನೀರಿನ ಹೂಜಿ ಹಿಡಿದು ಕೋಣೆಗೆ ಬಂದು ಎದುರು ಕೂತ. ತೋಪು ಹಾರಿತು. ಮುದುಕ ಖರ್ಜೂರ ಕೈಯಲ್ಲಿ ಹಿಡಿದು, ನೀನು ಮೊದಲು ಎಂದ. ಇವರು ಒಲ್ಲೆ ಎಂದರು. ಹಾಗಾದರೆ ನಾನೂ ಒಲ್ಲೆ ಎಂದು ಅವನು ಖರ್ಜೂರ ಕೆಳಗಿಟ್ಟ. ಇವರು ತಮಗೆ ಬರುವ ಅರ್ಧಂಬರ್ಧ ಅರಬಿಯಲ್ಲಿ ನೇಮದ ವಿಷಯ ಹೇಳಿ ನೋಡಿದರು. ಅವನು ಎಲ್ಲವನ್ನೂ ತಲೆದೂಗಿ ಕೇಳಿದ, ನೀರು ಮಾತ್ರ ಮುಟ್ಟಲಿಲ್ಲ. ಬೇಸಗೆಯ ಹಗಲಿಡೀ ಗಂಟಲು ಒಣಗಿಸಿಕೊಂಡಿದ್ದ ಜೀವ. ತುಟಿ ಬಿರಿದಿತ್ತು. ಕತ್ತಲಾಯಿತು. ಕಂದೀಲು ಹಚ್ಚಿದರು. ಆಗಲೂ ಅವನು ಕೂತೇ ಇದ್ದ.

"ಒಂದು ಇರುವಿ ತುಳಿಯಬ್ಯಾಡ ಅಂತ ಕಲಿಸ್ಯಾರ ನಮಗ. ನನ್ನ ಕಣ್ಣ ಮುಂದ ಮನಶ್ಯಾ ನೀರಿಲ್ದ ಬಾಡಾಕತ್ತಿದ್ದ. ನಾ ಏನ ಮಾಡ್ಲಿ? ತಿಂದೆ."

ಆಮೇಲೆ ದಿನವೂ ಬಂದ. ದಿನವೂ ತಿಂದರು. ಮೂರನೆಯ ರಂಜಾನಿನಲ್ಲೂ ಅಷ್ಟೇ. ಅದು ಮುಗಿದು ಊರಿಗೆ ಬರುವಾಗಲೂ ತೋಪಿನ ಸದ್ದಿಗೆ ಕಾಯುವ ರೂಢಿ ಹೋಗಿರಲಿಲ್ಲ.

ಇವರು ಕಟ್ಟೆಯ ಕಲ್ಲನ್ನು ಉಗುರಿನಿಂದ ಕೆರೆಯುತ್ತ ಹೇಳಿದರು: "ನನ್ನ ಸಲುವಾಗಿ ಅಲ್ಲಿ ಒಬ್ಬಾಂವ ನೀರ ಬಿಟ್ಟ ಕುಂಡ್ರತಾನ. ಇಲ್ಲಿ ಅವ್ವ ಬೆಲ್ಲಾ ಬಿಟ್ಟ ಕುಂತಾಳ. ಇವ್ರ ಪ್ರೀತಿ ನನಗ ಉಸರ ಬಿಡಾಕ ಕೊಡಾಂಗಿಲ್ಲ. ಮತ್ತ ಅಲ್ಲಿ ಹೋದ್ರ ನನಗ ಹುಚ್ಚ ಹಿಡೀತೈತಿ. ಬುಕ್ರಾ ಅನ್ನೂ ಶಬ್ದ ಕೇಳಾಕ ನನ್ನಿಂದ ಆಗೂದಿಲ್ಲ."

ನನಗೆ ಪಾಪ ಅನಿಸಿತು, ಸಿಟ್ಟೂ ಬಂತು. ಆದರೆ ಅದೇ ಹೊತ್ತಿಗೆ ದಾರಿಯೂ ಕಂಡಿತು. ಮಾವನವರು ಊರಿಗೆ ಹುಲಿ. ಇವರು ಒಲ್ಲೆ ಎಂದರೆ ಮನೆ ಹಂಚು ಹಾರಿಸುತ್ತಾರೆ. ಆದರೆ ನೇಮದ ಮಾತಿಗೆ ಬಂದರೆ ಆ ಮನೆಯಲ್ಲಿ ಅತ್ತೆಯ ಮಾತೇ ಕಡೆಯದು. ಆ ದೇಶದಲ್ಲಿ ಮಗನ ನೇಮ ಕೆಟ್ಟಿದೆ ಎಂದು ಗೊತ್ತಾದರೆ ಅತ್ತೆ ಅವನನ್ನು ಹೊಸ್ತಿಲು ದಾಟಲು ಬಿಟ್ಟಾರೆಯೇ? ಸತ್ತರೂ ಬಿಡಲಾರರು. ನಾನು ಲೆಕ್ಕ ಹಾಕಿದ್ದು ಹೀಗೆ.

"ಅತ್ತಿ ಮುಂದ ಹೇಳ್ರಿ" ಎಂದೆ.

"ಅವ್ವನ ಎದೀ ಒಡೀತೈತಿ."

"ನಿಮ್ಮ ಎದೀ, ನನ್ನ ಎದೀ ಕಲ್ಲಿಂದೇನು? ಈ ಕೂಸು ನಿಮ್ಮನ್ನ ಪಾವಣ್ಯಾ ಅಂತೈತಿ. ಕಬ್ಬಿನಹಾಲು ಕುಡಿಯೂದ್ರಾಗ ಹೇಳ್ರಿ. ಸುಳ್ಳಿನ ಮ್ಯಾಲ ಅವ್ರ ನೇಮ ಮುಗದ್ರ ಆ ಪಾಪ ಯಾರ ತಲೀಗೆ?"

ಕೊನೆಯ ಮಾತು ನಾಟಿತು. "ನಾಳಿಗೆ ಹೇಳ್ತೀನಿ" ಎಂದರು. ಮರುದಿನ ಕೇಳಿದರೆ ಮತ್ತೆ ನಾಳೆ. ಆ ಹೆಡ್‌ಮಾಸ್ತರನ ಗಾಳಿ ಇವರಿಗೂ ಬಡಿದಿತ್ತು. ಅತ್ತೆ ಮಾತ್ರ ದಿನದಿನಕ್ಕೆ ಹುಡುಗಿಯಾಗುತ್ತಿದ್ದರು. ಹೊಲದಲ್ಲಿ ತಾವೇ ನಿಂತು ಕಬ್ಬು ಆರಿಸಿದರು, ಕಿವಿಗೆ ಹಳೆಯ ಬುಗುಡಿ ಹಾಕಿಕೊಂಡರು, ನೆರೆಯ ಹೆಂಗಸರನ್ನು ಮನೆಮನೆಗೆ ಹೋಗಿ ಕರೆದರು. ಅದನ್ನೆಲ್ಲ ನೋಡುತ್ತಲೇ ಇದ್ದೆ. ಆದರೂ ನಾನು ಇವರನ್ನು ಚುಚ್ಚುವುದು ಬಿಡಲಿಲ್ಲ.

ಅಕ್ಷಯ ತದಿಗೆಯ ಬೆಳಗ್ಗೆ ಬಸದಿಯಲ್ಲಿ ಅಭಿಷೇಕ ಮುಗಿಯಿತು. ಪಂಡಿತರು ತಾಮ್ರದ ಲೋಟದಲ್ಲಿ ಕಬ್ಬಿನಹಾಲು ತುಂಬಿ ಅತ್ತೆಯ ಕೈಗೆ ಕೊಟ್ಟರು. ಹೆಂಗಸರು ಅಕ್ಷತೆ ಹಿಡಿದು ನಿಂತರು. ಮಾವನವರು ಹೊಸ ರುಮಾಲು ಸುತ್ತಿಕೊಂಡು ಮುಂದೆಯೇ ಇದ್ದರು. ನಾನು ಇವರ ಮುಖ ನೋಡಿದೆ. ಇವರು ನೆಲ ನೋಡುತ್ತಿದ್ದರು. ಮುಗಿಯಿತು, ಇನ್ನು ಹೇಳಲಾರರು ಎಂದುಕೊಂಡೆ. ಅತ್ತೆ ಕಣ್ಣು ಮುಚ್ಚಿ ಲೋಟ ತುಟಿಯ ಹತ್ತಿರ ತಂದರು.

"ಅವ್ವಾ, ಕುಡೀಬ್ಯಾಡ" ಎಂದರು ಇವರು.

ಆಮೇಲೆ ಎಲ್ಲವನ್ನೂ ಹೇಳಿದರು. ತಡವರಿಸಲಿಲ್ಲ. ಬಸ್ಸಿನಲ್ಲಿ ಆಡಿದ ಹಾಗೆ ಒಂದೊಂದೇ ಶಬ್ದ ಬಿಡಿಸಿ, ಎಲ್ಲರಿಗೂ ತಿಳಿಯುವಂತೆ: ತೋಪು, ಮುದುಕ, ಖರ್ಜೂರ, ಎರಡು ರಂಜಾನ್. ಮಾವನವರ ಮುಖ ರಕ್ತವಿಲ್ಲದಂತೆ ಬಿಳಿಚಿತು. ನಾನು ಅತ್ತೆಯನ್ನೇ ನೋಡುತ್ತಿದ್ದೆ. ಅಳುತ್ತಾರೆ, ಬೈಯುತ್ತಾರೆ, ಸುಡಲಿ ಆ ದೇಶ ಎನ್ನುತ್ತಾರೆ ಎಂದು ಕಾದೆ. ಅದೊಂದು ಮಾತಿಗಾಗಿ ನನ್ನ ಜೀವ ತುದಿಗಾಲಿನ ಮೇಲೆ ನಿಂತಿತ್ತು.

ಅತ್ತೆ ಲೋಟ ಇಳಿಸಿದರು. "ಆ ಮುದಕ ನೀರ ಕುಡದ್ನೋ ಇಲ್ಲೋ?"

"ಕುಡದ, ಅವ್ವಾ."

"ಛಲೋ ಮಾಡೀದಿ. ಪಾಪ, ಹಸದ ಜೀವಾ." ಇಷ್ಟೆಂದು ಮಗನ ಗಲ್ಲ ಮುಟ್ಟಿದರು. "ಖರೇ ಹೇಳೀದಿ, ಅದೂ ಛಲೋ ಆತು. ಇಲ್ಲಾಂದ್ರ ನಾ ಸುಳ್ಳ ಸುಳ್ಳ ಕುಡೀತಿದ್ನಿ." ನನ್ನ ಎದೆಯ ಭಾರ ಇಳಿಯಿತು. ದೇವರ ಮುಂದೆ ನಿಂತಿದ್ದೇನೆಂಬುದು ಮರೆತು ಉಸಿರು ಬಿಟ್ಟೆ.

ಅತ್ತೆ ಪಂಡಿತರ ಕಡೆ ತಿರುಗಿದರು. "ಹಂಗಾದ್ರ ನನ್ನ ನೇಮ ಮುಗೀಲಿಲ್ಲ ಅಂದಂಗ ಆತ್ರಿ. ಪರದೇಶದಿಂದ ಕೆಡದಂಗ ಬರೂತನಕ ಅಂದಿದ್ನಿ. ಬಂದಾನ, ಆದ್ರ ಕೆಟ್ಟ ಬಂದಾನ. ಇನ್ನೊಮ್ಮಿ ಹೋಗಿ ಬರಬೇಕಾಕ್ಕೈತಿ, ಹೌದಲ್ರಿ?"

"ಸೋನಾಬಾಯಿ ಹೇಳೂದು ಬರೋಬರಿ ಐತಿ" ಎಂದರು ಪಂಡಿತರು.

ಮಾವನವರ ಮುಖಕ್ಕೆ ರಕ್ತ ತಿರುಗಿ ಬಂತು. ನನಗೆ ತಡೆಯಲಾಗಲಿಲ್ಲ. ಹೆಂಗಸರ ನಡುವಿನಿಂದ ಮುಂದೆ ಬಂದು, "ಅತ್ತಿ, ಇಲ್ಲೇ ಇದ್ದು ನೇಮ ಹಿಡೀಲಿ. ಬೇಕಾರ ಜನ್ಮಾ ಪೂರಾ ಹಿಡೀಲಿ. ಅಲ್ಲಿ ಕಳಸಬ್ಯಾಡ್ರಿ, ಕೈ ಮುಗೀತೀನಿ" ಎಂದೆ. ಮಾವನ ಎದುರು ಅಷ್ಟು ದೊಡ್ಡ ದನಿಯಲ್ಲಿ ನಾನು ಎಂದೂ ಮಾತಾಡಿರಲಿಲ್ಲ.

"ಇಲ್ಲಿ ಹಿಡಿಯೂದು ಏನ ದೊಡ್ಡದವಾ? ಇಲ್ಲಿ ಎಲ್ಲಾರೂ ಹಿಡೀತಾರ" ಎಂದರು ಅತ್ತೆ, ಸ್ವಲ್ಪವೂ ಸಿಟ್ಟಿಲ್ಲದೆ, ಶೇವಂತಾಳಿಗೆ ತಿಳಿಸಿ ಹೇಳುವ ದನಿಯಲ್ಲಿ. "ಎಲ್ಲಿ ಕೆಟ್ಟೈತಿ ಅಲ್ಲೇ ಸರಿ ಆಗಬೇಕು." ಆಮೇಲೆ ಮಗನನ್ನು ಕೇಳಿದರು, "ಅವರ ರೋಜಾ ಉಪಾಸ ಮತ್ತ ಯಾವಾಗ ಬರ್ತಾವು?"

"ಫೆಬ್ರುವರಿದಾಗ."

"ಅದನ್ನ ದಾಟಿಸ್ಕೊಂಡ ಬಾ. ಸಾಕು."

ಇವರು ತಾಯಿಯ ಮುಖವನ್ನೇ ನೋಡುತ್ತ ನಿಂತರು. ಒಲ್ಲೆ ಎಂದುಬಿಡಿ, ಒಮ್ಮೆ ಎಂದುಬಿಡಿ ಎಂದು ನಾನು ಒಳಗೇ ಕೂಗುತ್ತಿದ್ದೆ. ಇವರ ಬಾಯಿಂದ ಬಂದದ್ದು ಬೇರೆ.

"ಅವ್ವಾ, ನಾ ತಿನ್ನಲಿಲ್ಲಾಂದ್ರ ಆ ಮುದಕ ನೀರ ಕುಡಿಯೂದಿಲ್ಲ."

"ನೀ ಬರೂತನಕ ನಾನೂ ಇದನ್ನ ಕುಡಿಯೂದಿಲ್ಲ" ಎಂದರು ಅತ್ತೆ.

ಅದರಲ್ಲಿ ಹಟ ಇರಲಿಲ್ಲ, ಬೆದರಿಕೆ ಇರಲಿಲ್ಲ. ಮಗನ ಮೇಲೆ ಅಷ್ಟು ನಂಬಿಕೆ ಇತ್ತು. ಇವರು "ಆತವ್ವಾ" ಎಂದರು. ಅತ್ತೆ ತುಂಬಿದ ಲೋಟವನ್ನು ನನ್ನ ಕೈಗೆ ಕೊಟ್ಟು, ಹುಳಿ ಬರುವುದರೊಳಗೆ ಎಲ್ಲರಿಗೂ ಹಂಚಲು ಹೇಳಿದರು.